ಉದ್ಯೋಗ: ಕೂಲಿ

ಮೊನ್ನೆ ಸಂತೆಯಲ್ಲಿ ಬೀನ್ಸ್ ಆರಿಸುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ "ರೈಟ್ರಣ್ಣಾ" ಅಂದರು. ತಿರುಗಿ ನೋಡಿದರೆ ಮೊದಲು ನಮ್ಮ ತೋಟದ ಲೈನ್‌ಮನೆಯಲ್ಲಿದ್ದ ಹೆಂಗಸು, ನನಗೆ ತಂಗಿ ಇದ್ದ ಹಾಗೆ. ಈಗ ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಹೋಗುತ್ತಿದ್ದಳು ಅನ್ನಬೇಕು. ಹೋದ ವರ್ಷ ಆಟೋ ಮಗುಚಿ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಪೆಟ್ಟಾಗಿದೆ. ಪರಿಹಾರದ ಕೇಸು ನಡೆಯುತ್ತಿದೆ. ಇನ್ಶೂರೆನ್ಸ್‌ನವರು ಅರ್ಜಿ ಹಾಕಿದ್ದಕ್ಕೆ ಕೋರ್ಟು ಅವಳನ್ನು ಮೆಡಿಕಲ್ ಬೋರ್ಡಿಗೆ, ಅಂದರೆ ಊನ ಎಷ್ಟು ಅಂತ ನೋಡಿ ವರದಿ ಕೊಡುವ ಡಾಕ್ಟರುಗಳ ತಂಡದ ಹತ್ತಿರ, ಹೋಗಿ ಬಾ ಅಂದಿದೆ.

"ಅಲ್ಲಿ ಏನು ಕೇಳ್ತಾರಣ್ಣಾ? ನಿಮ್ಮ ತಮ್ಮನ್ನೂ ಹಿಂಗೇ ಕಳಿಸಿದ್ರಲ್ವಾ?"

ಕಳಿಸಿದ್ದರು. ಅದನ್ನೆಲ್ಲ ಸಂತೆಯಲ್ಲಿ ನಿಂತು ಹೇಳಿ ಮುಗಿಸೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವಳೊಬ್ಬಳೇ ಅಲ್ಲ, ನಮ್ಮ ಕಡೆ ಇಂಥ ಕೇಸು ಇರುವ ಮನೆ ಬೇಕಾದಷ್ಟಿವೆ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಬರೆಯೋದು, ಬಟವಾಡೆ ಲೆಕ್ಕ, ಗೊಬ್ಬರದ ಲೆಕ್ಕ, ಎಲ್ಲ ನನ್ನದೇ. ನನ್ನ ತಮ್ಮ ಮರ ಹತ್ತುವವನು. ಮೇ ತಿಂಗಳಲ್ಲಿ ಮರ ಕಪಾತು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕರಿಮೆಣಸಿನ ಕುಯ್ಲು. ಮೆಣಸಿನ ಸಮಯದಲ್ಲಿ ಅವನನ್ನು ಕರೆಯೋಕೆ ನಾಲ್ಕು ತೋಟದವರು ಮನೆ ಬಾಗಿಲಿಗೆ ಬರುತ್ತಿದ್ದರು. ಕೆಳಗೆ ಕೆಲಸ ಮಾಡುವವರಿಗೆ ದಿನಕ್ಕೆ 350 ರೂಪಾಯಿ ಇದ್ದ ಕಾಲದಲ್ಲಿ ಅವನು 900, ಕೆಲವು ದಿನ 1,000 ರೂಪಾಯಿ ದುಡಿಯುತ್ತಿದ್ದ.

2019ರ ಫೆಬ್ರವರಿ. ಬೆಳಗ್ಗೆ ಆರೂವರೆ, ಇನ್ನೂ ಮಂಜು. ಮಾದಾಪುರದ ಕಡೆ ಕುಯ್ಲಿಗೆ ಅಂತ ಗೆಳೆಯನ ಬೈಕಿನ ಹಿಂದೆ ಕೂತು ಹೊರಟಿದ್ದ. ತಿರುವಿನಲ್ಲಿ ಎದುರಿನಿಂದ ಪಿಕಪ್ ಬಂದು ಹೊಡೆಯಿತು. ಗೆಳೆಯ ತರಚು ಗಾಯದಲ್ಲಿ ಪಾರಾದ. ಇವನ ಬಲಗಾಲಿನ ಹಿಮ್ಮಡಿ ಮೂಳೆ ನುಚ್ಚಾಯಿತು. ಮೈಸೂರಿನಲ್ಲಿ ಆಪರೇಷನ್, ಪ್ಲೇಟು, ಸ್ಕ್ರೂ. ಆಗ ಅವನಿಗೆ 34 ವರ್ಷ.

ಹಿಮ್ಮಡಿ ಮೂಳೆ ಒಡೆದು ಕೂಡಿದರೆ ಏನಾಗುತ್ತೆ ಅಂತ ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಆ ಮೂಳೆಯ ಮೇಲೆ ಒಂದು ಕೀಲು ಇದೆ. ಪಾದ ಒಳಗಡೆಗೆ, ಹೊರಗಡೆಗೆ ವಾಲುವುದು ಅದರಿಂದ. ಅದು ಬಿಗಿದುಬಿಟ್ಟರೆ ಸಮ ನೆಲದಲ್ಲಿ ನಡೆಯೋಕೆ ಅಷ್ಟೇನೂ ತೊಂದರೆ ಕಾಣುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಡೆದು ಹೋಗುವವನನ್ನು ನೋಡಿದರೆ "ಸ್ವಲ್ಪ ಕುಂಟ್ತಾನೆ" ಅನ್ನುತ್ತೀರಿ, ಅಷ್ಟೇ. ಏರು ತಗ್ಗಿನ ತೋಟಕ್ಕೆ ಇಳಿದಾಗ ನೋಡಬೇಕು. ಕಲ್ಲಿನ ಮೇಲೆ ಕಾಲಿಟ್ಟರೆ ಪಾದ ಕಲ್ಲಿಗೆ ಹೊಂದಿಕೊಳ್ಳುವುದಿಲ್ಲ. ಇಡೀ ಕಾಲೇ ವಾಲುತ್ತದೆ, ಆಮೇಲೆ ಮನುಷ್ಯನೇ ವಾಲುತ್ತಾನೆ.

ಇನ್ನು ಏಣಿ. ನಮ್ಮಲ್ಲಿ ಮೆಣಸು ಕುಯ್ಯೋದು ಒಂಟಿ ಬಿದಿರಿನ ಏಣಿಯಲ್ಲಿ. ಒಂದೇ ಗಳ. ಗೆಣ್ಣುಗಳ ಹತ್ತಿರ ಕವಲನ್ನು ಗೇಣುದ್ದ ಬಿಟ್ಟು ಕಡಿದಿರುತ್ತಾರೆ. ಅದೇ ಮೆಟ್ಟಿಲು. ಅಲ್ಯೂಮಿನಿಯಂ ಏಣಿ ಬಂದಿದೆ, ಆದರೆ ಕರೆಂಟು ತಂತಿಗೆ ತಾಗಿ ಜನ ಸತ್ತಿದ್ದಾರೆ. ಹಾಗಾಗಿ ಬಿದಿರೇ ಇರಲಿ ಅನ್ನುವವರು ಜಾಸ್ತಿ. ಆ ಗೇಣುದ್ದದ ಕವಲಿನ ಮೇಲೆ ಪಾದವನ್ನು ಓರೆಯಾಗಿ ತಿರುಗಿಸಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕವಲು ಕಚ್ಚಿಸಿ ನಿಲ್ಲಬೇಕು. ನಲವತ್ತು ಅಡಿ ಮೇಲೆ, ಸಿಲ್ವರ್ ಓಕ್ ಮರ ಗಾಳಿಗೆ ತೂಗುತ್ತಿರುವಾಗ, ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ಗೊಂಚಲು ಕಿತ್ತು ಸೊಂಟದ ಚೀಲಕ್ಕೆ ಹಾಕಬೇಕು. ಇಡೀ ಮೈ ನಿಂತಿರುವುದು ಆ ಓರೆಯಾದ ಪಾದದ ಮೇಲೆ. ನನ್ನ ತಮ್ಮನಿಗೆ ಹೋದದ್ದು ಸರಿಯಾಗಿ ಅದೇ, ಪಾದ ಓರೆಯಾಗುವುದು.

ಬೋರ್ಡಿನ ದಿನ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಹೋದವರನ್ನು ಕರೆದದ್ದು ಮಧ್ಯಾಹ್ನ ಎರಡಕ್ಕೆ. ಒಳಗೆ ಇದ್ದದ್ದು ಹದಿನೈದು ನಿಮಿಷ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಎಕ್ಸ್‌ರೇ ನೋಡಿದರು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಪಾದಕ್ಕೆ ಹಿಡಿದರು. ನಡೆದು ತೋರಿಸು ಅಂದರು. ನಡೆದ. ಕೆಳಗೆ ಟೈಲ್ಸ್ ಹಾಕಿದ ಸಮ ನೆಲ. ಆಮೇಲೆ ಒಬ್ಬರು ತಲೆ ಎತ್ತದೆ ಕೇಳಿದರು, "ಏನು ಕೆಲಸ?"

ತಮ್ಮ "ಕೂಲಿ ಸಾರ್" ಅಂದ.

ಅವರು ಕೂಲಿ ಅಂತ ಬರೆದುಕೊಂಡರು. ಮುಗಿಯಿತು.

ಅವನನ್ನು ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಡಾಕ್ಟರ ಮುಂದೆ ನಿಂತಾಗ ನಮ್ಮ ಜನ ಹೇಳುವುದೇ ಅಷ್ಟು. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟಾಗಲೂ ಕೂಲಿ, ಆಸ್ಪತ್ರೆ ಚೀಟಿಯಲ್ಲೂ ಕೂಲಿ, ರೇಷನ್ ಕಾರ್ಡಿನ ಅರ್ಜಿಯಲ್ಲೂ ಕೂಲಿ. ಕಳೆ ತೆಗೆಯುವವಳೂ ಕೂಲಿ, ಮೂಟೆ ಹೊರುವವನೂ ಕೂಲಿ, ನಲವತ್ತು ಅಡಿ ಮೇಲೆ ಒಂಟಿ ಕಾಲಲ್ಲಿ ನಿಲ್ಲುವವನೂ ಕೂಲಿ. ಇಪ್ಪತ್ತು ವರ್ಷದಿಂದ ಹಾಜರಿ ಬರೆಯುವ ನನಗೆ ಆ ಮೂರು ಕೆಲಸದ ನಡುವೆ ಎಷ್ಟು ಅಂತರ ಇದೆ ಅಂತ ಚೆನ್ನಾಗಿ ಗೊತ್ತು. ಆದರೂ ಬಾಗಿಲ ಹತ್ತಿರ ನಿಂತವನು ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಬೋರ್ಡಿನ ವರದಿ ಹೀಗಿತ್ತು: ಬಲಗಾಲಿಗೆ 24 ಪರ್ಸೆಂಟ್ ಊನ, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ 8 ಪರ್ಸೆಂಟ್. ಕೈಕಾಲಿನ ಊನವನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಇಷ್ಟು ಅನ್ನುವ ರೂಢಿ ನಮ್ಮ ಕೋರ್ಟುಗಳಲ್ಲಿ ಇದೆ. ಇನ್ಶೂರೆನ್ಸ್ ಕಡೆಯ ವಕೀಲರು ಆ 8ನ್ನೇ ಹಿಡಿದುಕೊಂಡರು. ಅವನ ದುಡಿಮೆಯಲ್ಲಿ ಹೋದದ್ದೂ 8 ಪರ್ಸೆಂಟ್ ಮಾತ್ರ ಅಂತ ವಾದ.

ಈ ನಂಬರಿನಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ ವಯಸ್ಸಿಗೆ ತಕ್ಕ ಗುಣಕ ಹಾಕಿಕೊಟ್ಟಿದೆ. 31ರಿಂದ 35 ವರ್ಷದವರಿಗೆ 16. ತಿಂಗಳ ಆದಾಯ 14,000 ಅಂತ ಹಿಡಿಯಿರಿ. ಹನ್ನೆರಡು ತಿಂಗಳು, ಗುಣಿಸು 16 ಅಂದರೆ 26,88,000. ಅದರ 8 ಪರ್ಸೆಂಟ್ 2,15,040 ರೂಪಾಯಿ. ಜೀವಮಾನ ಪೂರ್ತಿ ಮರ ಹತ್ತೋಕಾಗದವನಿಗೆ ದುಡಿಮೆ ಹೋದದ್ದರ ಲೆಕ್ಕದಲ್ಲಿ ಸಿಗುವುದು ಅಷ್ಟು. ಎರಡು ಮೂರು ಮೆಣಸಿನ ಸುಗ್ಗಿಯ ದುಡ್ಡು.

ಆ ಸಾಯಂಕಾಲ ನಮ್ಮ ವಕೀಲರ ಆಫೀಸಿನಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ತೀರ್ಪು ತೆಗೆದು ಕನ್ನಡದಲ್ಲಿ ಬಿಡಿಸಿ ಹೇಳಿದರು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್, 2010ರ ಅಕ್ಟೋಬರ್, ಸುಪ್ರೀಂ ಕೋರ್ಟು. ದೇಹದ ಊನ ಎಷ್ಟು ಅಂತ ಹೇಳುವುದು ಡಾಕ್ಟರ ಕೆಲಸ, ಅದರಿಂದ ದುಡಿಮೆ ಎಷ್ಟು ಹೋಯಿತು ಅಂತ ತೀರ್ಮಾನ ಮಾಡುವುದು ಕೋರ್ಟಿನ ಕೆಲಸ, ಎರಡೂ ಬೇರೆ ಬೇರೆ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಎಡಗೈ ಕತ್ತರಿಸಿ ಹೋದರೆ ಊನ ಸುಮಾರು 60 ಪರ್ಸೆಂಟ್ ಇರಬಹುದು. ಆ ಮನುಷ್ಯ ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಹೋದದ್ದು ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತ ಆಗಿದ್ದರೆ ನೌಕರಿಯೇ ಹೋಗದೆ ಇರಬಹುದು. ಹಾಗಾಗಿ ಮೊದಲು ಈಗ ಏನು ಮಾಡೋಕಾಗುತ್ತೆ, ಏನು ಆಗಲ್ಲ ಅಂತ ನೋಡಬೇಕು. ಆಮೇಲೆ ಅಪಘಾತಕ್ಕೆ ಮುಂಚೆ ಏನು ಕೆಲಸ ಮಾಡುತ್ತಿದ್ದ, ವಯಸ್ಸೆಷ್ಟು ಅಂತ ನೋಡಬೇಕು. ಕೊನೆಗೆ ಅದೇ ಕೆಲಸ ಮಾಡಬಹುದಾ, ಬೇರೆ ಕೆಲಸ ಮಾಡಿ ಹೊಟ್ಟೆ ಹೊರೆಯಬಹುದಾ ಅಂತ ನೋಡಬೇಕು.

ನಾನು ಕೇಳಿದೆ, "ಆ ಎರಡನೇದನ್ನ ನಮ್ಮ ಕೇಸಲ್ಲಿ ಯಾರು ನೋಡಿದ್ದಾರೆ ಸಾರ್?"

"ಯಾರೂ ನೋಡಿಲ್ಲ. ನಾವೇ ತೋರಿಸ್ಬೇಕು."

ಆ ದಿನಗಳಲ್ಲೇ ನಮ್ಮ ಸಾಹುಕಾರರ ಮಗಳು ಊರಿಗೆ ಬಂದಿದ್ದರು. ಅಮೆರಿಕದಲ್ಲಿ ವಕೀಲರ ಆಫೀಸಿನಲ್ಲಿ ಕೆಲಸ. ಚಿಕ್ಕಂದಿನಲ್ಲಿ ನನ್ನ ತಮ್ಮ ಮರದಿಂದ ಚಕ್ಕೋತ ಕಿತ್ತುಕೊಡುತ್ತಿದ್ದದ್ದನ್ನು ಇನ್ನೂ ನೆನಪಿಟ್ಟುಕೊಂಡಿದ್ದಾರೆ. ವಿಷಯ ಕೇಳಿ, "ಅಲ್ಲಿ ಇದಕ್ಕೇ ಬೇರೆ ಪರೀಕ್ಷೆ ಇದೆ ರೈಟ್ರೇ" ಅಂದರು. ಕಣದ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ವಿವರಿಸಿದರು.

ಅಲ್ಲಿ ವಿಚಾರಣೆ ಶುರುವಾಗುವ ಮುಂಚೆ ಎರಡು ಕಡೆಯವರೂ ತಮ್ಮ ಹತ್ತಿರ ಇರುವ ಕಾಗದ, ಮಾಹಿತಿ ಒಬ್ಬರಿಗೊಬ್ಬರು ಕೊಡಬೇಕಾದ ಒಂದು ಹಂತ ಇರುತ್ತದಂತೆ. ಗಾಯ ಆದವನು ತನಗೆ ಇನ್ನು ದುಡಿಯೋಕಾಗಲ್ಲ ಅಂದರೆ, ಎದುರು ಪಕ್ಷದವರು ಉದ್ಯೋಗ ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ ಕೋರ್ಟಿಗೆ ಕೇಳಬಹುದು. ಆ ತಜ್ಞರು ಡಾಕ್ಟರಲ್ಲ. ಎಷ್ಟು ಓದಿದ್ದೀಯ, ಯಾವ್ಯಾವ ಕೆಲಸ ಮಾಡಿದ್ದೀಯ, ಎಷ್ಟು ತೂಕ ಎತ್ತುತ್ತಿದ್ದೆ, ಎಷ್ಟು ಹೊತ್ತು ನಿಲ್ಲುತ್ತಿದ್ದೆ ಅಂತ ಗಂಟೆಗಟ್ಟಲೆ ಕೂರಿಸಿ ಕೇಳುತ್ತಾರೆ. ಓದು ಬರಹ, ಲೆಕ್ಕ, ಕೈಚಳಕದ ಪರೀಕ್ಷೆ ಕೊಡುತ್ತಾರೆ. ಡಾಕ್ಟರ ವರದಿ ಇಟ್ಟುಕೊಂಡು, ಈ ಮನುಷ್ಯ ಇನ್ನು ಯಾವ ಕೆಲಸ ಮಾಡಬಹುದು, ಅಂಥ ಕೆಲಸ ಅವನ ಊರಲ್ಲಿ ಇದೆಯಾ, ಸಂಬಳ ಎಷ್ಟು ಅಂತ ಬರೆಯುತ್ತಾರೆ. ಇದಕ್ಕೆ ಸಹಾಯಕ್ಕೆ ಅಲ್ಲಿನ ಕಾರ್ಮಿಕ ಇಲಾಖೆ 1939ರಲ್ಲೇ ಕೆಲಸಗಳ ಒಂದು ದೊಡ್ಡ ಕೋಶ ತಂದಿತ್ತು. ಆಮೇಲಿನ ಆವೃತ್ತಿಯಲ್ಲಿ 12,000ಕ್ಕೂ ಹೆಚ್ಚು ಬಗೆಯ ಕೆಲಸ ಇವೆ. ಒಂದೊಂದಕ್ಕೂ ಏನೇನು ಮಾಡಬೇಕು ಅಂತ ವಿವರಣೆ. ಹನ್ನೆರಡು ಸಾವಿರ! ಅದನ್ನು ಕೇಳಿದಾಗ ನನಗೆ ನೆನಪಾದದ್ದು ಬೋರ್ಡಿನ ಹಾಳೆಯ ಮೇಲಿದ್ದ ಆ ಎರಡಕ್ಷರ.

ಅಲ್ಲೂ ಎಲ್ಲ ಸಲೀಸಲ್ಲ ಅಂತ ಅವರೇ ಹೇಳಿದರು. ಕೋರ್ಟು ಪರೀಕ್ಷೆಗೆ ಕಳಿಸುವ ಅಧಿಕಾರ ಅಲ್ಲಿನ ಫೆಡರಲ್ ಸಿವಿಲ್ ನಿಯಮಗಳ 35ನೇ ನಿಯಮದಲ್ಲಿದೆ. ಅದು ದೇಹದ, ಮನಸ್ಸಿನ ಪರೀಕ್ಷೆಯ ಬಗ್ಗೆ ಹೇಳುತ್ತದೆ, ಉದ್ಯೋಗದ ಪರೀಕ್ಷೆ ಅಂತ ಬಿಡಿಸಿ ಹೇಳಿಲ್ಲ. 1990ರಲ್ಲಿ ಒಂದು ಮೇಲಿನ ಕೋರ್ಟು, ಉದ್ಯೋಗ ತಜ್ಞರ ಹತ್ತಿರ ಕಳಿಸೋಕೆ ಈ ನಿಯಮದಲ್ಲಿ ಅವಕಾಶ ಇಲ್ಲ ಅಂದಿತು. 1991ರಲ್ಲಿ ನಿಯಮ ತಿದ್ದಿ, ಲೈಸೆನ್ಸ್ ಅಥವಾ ಸರ್ಟಿಫಿಕೇಟ್ ಇರುವ ಬೇರೆ ಪರೀಕ್ಷಕರಿಗೂ ಬಾಗಿಲು ತೆರೆದರು. ಅದಾದ ಮೇಲೂ ಒಂದು ಕೋರ್ಟು ಕಳಿಸುತ್ತೆ, ಇನ್ನೊಂದು ಬೇಡ ಅನ್ನುತ್ತೆ. ಕೇಳಿದ ತಕ್ಷಣ ಕಳಿಸುವ ಹಾಗೂ ಇಲ್ಲ. ಆ ವಿಷಯದ ಮೇಲೆ ನಿಜವಾಗಿ ತಕರಾರಿದೆ, ಪರೀಕ್ಷೆಗೆ ತಕ್ಕ ಕಾರಣ ಇದೆ ಅಂತ ತೋರಿಸಬೇಕು. 1964ರಲ್ಲಿ ಒಬ್ಬ ಬಸ್ ಡ್ರೈವರನ್ನು ನಾಲ್ಕು ತರದ ಡಾಕ್ಟರುಗಳ ಹತ್ತಿರ ಕಳಿಸಬೇಕು ಅಂತ ಕೇಳಿದಾಗ, ಹಾಗೆ ಸಾರಾಸಗಟಾಗಿ ಆಗಲ್ಲ ಅಂತ ಅವರ ಸುಪ್ರೀಂ ಕೋರ್ಟೇ ಹೇಳಿದೆ.

ನನಗೆ ಮನಸ್ಸಿಗೆ ಹಿಡಿಸಿದ್ದು ಬೇರೆ ಎರಡು ಸಂಗತಿ. ಕಳಿಸುವಾಗ ಯಾವತ್ತು, ಎಲ್ಲಿ, ಯಾರು, ಏನೇನು ಪರೀಕ್ಷೆ ಮಾಡುತ್ತಾರೆ ಅಂತ ಆದೇಶದಲ್ಲೇ ಬರೆದಿರಬೇಕು. ಪರೀಕ್ಷೆ ಮಾಡಿಸಿಕೊಂಡವನು ಕೇಳಿದರೆ ವರದಿಯ ಪ್ರತಿ ಕೊಡಬೇಕು. ನನ್ನ ತಮ್ಮನಿಗೆ ಯಾವ ಕೊಠಡಿಗೆ ಹೋಗಬೇಕು ಅಂತಲೂ ಯಾರೂ ಹೇಳಿರಲಿಲ್ಲ.

"ಆದ್ರೆ ರೈಟ್ರೇ, ಆ ತಜ್ಞರನ್ನ ಜಾಸ್ತಿ ಕರೆಸೋದು ಎದುರು ಪಕ್ಷದವ್ರು" ಅಂತಲೂ ಎಚ್ಚರಿಸಿದರು. "ಇವನು ಬೇರೆ ಕೆಲಸ ಮಾಡಬಹುದು, ದುಡ್ಡು ಕಡಿಮೆ ಕೊಟ್ರೆ ಸಾಕು ಅಂತ ಹೇಳಿಸೋದಕ್ಕೆ."

ಇರಲಿ. ಕೇಳುವವರು ಸರಿಯಾಗಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆ. ಕೇಳದೇ ಇರುವುದಕ್ಕಿಂತ ಅದು ಎಷ್ಟೋ ವಾಸಿ.

ನಮ್ಮ ಕಾನೂನಿನಲ್ಲೂ ದಾರಿ ಇಲ್ಲದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 169ನೇ ಸೆಕ್ಷನ್ನಿನ ಮೂರನೇ ಉಪವಿಭಾಗ ಓದಿಸಿ ಕೇಳಿ. ಕೇಸಿಗೆ ಬೇಕಾದ ಯಾವುದೇ ವಿಷಯದಲ್ಲಿ ವಿಶೇಷ ತಿಳಿವಳಿಕೆ ಇರುವ ಒಬ್ಬರನ್ನೋ ಹೆಚ್ಚು ಜನರನ್ನೋ ನ್ಯಾಯಮಂಡಳಿ (ಅಪಘಾತ ಪರಿಹಾರದ ಕೇಸು ನೋಡುವ ಕೋರ್ಟು) ನೆರವಿಗೆ ಕರೆದುಕೊಳ್ಳಬಹುದು ಅಂತ ಅದರಲ್ಲಿದೆ. ವಿಶೇಷ ತಿಳಿವಳಿಕೆ ಅಂದರೆ ಡಾಕ್ಟರು, ಇಂಜಿನಿಯರು ಮಾತ್ರ ಅಂತ ಅಲ್ಲಿ ಬರೆದಿಲ್ಲ. ಮರ ಹತ್ತುವುದರಲ್ಲಿ ಮೂವತ್ತು ವರ್ಷದ ತಿಳಿವಳಿಕೆ ಇರುವವರು ನಮ್ಮ ಪ್ರತಿ ಊರಲ್ಲೂ ಸಿಗುತ್ತಾರೆ.

ನಮ್ಮ ವಕೀಲರು ಸಾಕ್ಷಿಯ ದಾರಿ ಹಿಡಿದರು. ನಾನು ಅಣ್ಣ, ನಾನು ಬರೆದ ಹಾಜರಿ ಪುಸ್ತಕ ಒಂದನ್ನೇ ಇಟ್ಟರೆ ಎದುರಿನವರು ಅನುಮಾನ ಪಡುತ್ತಾರೆ ಅಂದರು. ಸಾಹುಕಾರರು ಪತ್ರ ಕೊಟ್ಟರು. ಸಾಕ್ಷಿಗೆ ಬಂದವರು ತೋಟದ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ. ಅವರ ಹತ್ತಿರ ಅಂಗಿ ಜೇಬಿನಲ್ಲಿ ಹಿಡಿಸುವ ಪುಸ್ತಕ ಒಂದಿತ್ತು. ಮೂಲೆಗಳು ಮಡಚಿ, ಬೆವರಿಗೆ ಇಂಕು ಹರಡಿ, ಹಾಳೆ ನಡುವೆ ಒಣಗಿದ ಮೆಣಸಿನ ಕಾಳು. ಅದರಲ್ಲಿ ಯಾರು ಯಾವತ್ತು ಎಷ್ಟು ಕೆಜಿ ಹಸಿ ಮೆಣಸು ಕುಯ್ದರು ಅಂತ ನಾಲ್ಕು ವರ್ಷದ ಲೆಕ್ಕ. ನನ್ನ ತಮ್ಮನ ಹೆಸರಿನ ಮುಂದೆ ಪ್ರತಿ ಸುಗ್ಗಿಯಲ್ಲೂ ಎಲ್ಲರಿಗಿಂತ ದೊಡ್ಡ ನಂಬರು. 2019ರ ಫೆಬ್ರವರಿಯಲ್ಲಿ ಆ ಸಾಲು ನಿಂತುಹೋಗಿದೆ. ಅದಾದ ಮೇಲೆ ಎಲ್ಲೂ ಇಲ್ಲ.

ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳಿದರು, "ಅರ್ಜಿದಾರರು ಈಗ ತೋಟದಲ್ಲಿ ಕಾವಲು ಕೆಲಸ ಮಾಡಬಹುದು ಅಲ್ವಾ? ಅದಕ್ಕೆ ಮರ ಹತ್ತೋದು ಬೇಕಿಲ್ಲ ಅಲ್ವಾ?"

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದು ಹೇಳಿದರು. "ಸ್ವಾಮಿ, ಕಾವಲು ಅಂದ್ರೆ ರಾತ್ರಿ. ನಮ್ ತೋಟಕ್ಕೆ ಆನೆ ಬರ್ತದೆ. ಆನೆ ಬಂದ್ರೆ ಕಾಫಿ ಗಿಡದ ಸಂದೀಲಿ ಇಳಿಜಾರಲ್ಲಿ ಓಡ್ಬೇಕು. ಸರಿ ಕಾಲು ಇದ್ದೋರೇ ಸತ್ತೋಗಿದಾರೆ. ಇವನ್ನ ನಾನು ಕಾವಲಿಗೆ ಕಳ್ಸಲ್ಲ."

ನ್ಯಾಯಾಧೀಶರು ಬರೆಸಿಕೊಳ್ಳುವುದನ್ನು ನಿಲ್ಲಿಸಿ, ಏಣಿ ಹೇಗಿರುತ್ತೆ ಅಂತ ಕೇಳಿದರು. ಮೇಸ್ತ್ರಿ ಸಾಕ್ಷಿ ಕಟ್ಟೆಯಲ್ಲೇ ಚಪ್ಪಲಿ ಬಿಟ್ಟು, ಒಂದು ಪಾದ ಓರೆ ಮಾಡಿ, ಕಟ್ಟೆಯ ಕೆಳಗಿನ ಮರದ ಪಟ್ಟಿಯ ಮೇಲಿಟ್ಟು ತೋರಿಸಿದರು. "ಹಿಂಗೆ, ಸ್ವಾಮಿ. ಇಡೀ ದಿನ ಹಿಂಗೇ." ಆಮೇಲೆ ನನ್ನ ತಮ್ಮನಿಗೂ ಹಾಗೆ ಮಾಡೋಕೆ ಹೇಳಿದರು. ಅವನ ಪಾದ ತಿರುಗಲಿಲ್ಲ. ಮಂಡಿ ತಿರುಗಿತು, ಸೊಂಟ ತಿರುಗಿತು, ಕೈ ಹೋಗಿ ಪಕ್ಕದ ಮೇಜು ಹಿಡಿದುಕೊಂಡಿತು. ಕೋರ್ಟು ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಬೋರ್ಡಿನ ಹದಿನೈದು ನಿಮಿಷದಲ್ಲಿ ಗೊತ್ತಾಗದೆ ಹೋದದ್ದು ಅಲ್ಲಿ ಅರ್ಧ ನಿಮಿಷದಲ್ಲಿ ಗೊತ್ತಾಯಿತು.

2023ರಲ್ಲಿ ತೀರ್ಪು ಬಂತು. ಆದಾಯ ತಿಂಗಳಿಗೆ 14,000, ದುಡಿಮೆ ಹೋದದ್ದು 35 ಪರ್ಸೆಂಟ್ ಅಂತ ಹಿಡಿದರು. ಆ ಬಾಬ್ತಿಗೇ 9,40,800 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಬೇರೆ. ನನ್ನ ಲೆಕ್ಕದಲ್ಲಿ 35 ಕಮ್ಮಿಯೇ. ಅವನ ದುಡಿಮೆ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಹೈಕೋರ್ಟಿಗೆ ಹೋಗೋಣವಾ ಅಂತ ಕೇಳಿದೆ. "ಸಾಕಣ್ಣಾ, ಇನ್ನು ಬಸ್ಸು ಹತ್ತಿ ಇಳಿಯೋಕೆ ಆಗಲ್ಲ" ಅಂದ. ಬಿಟ್ಟೆವು. ಈಗ ಕಣದಲ್ಲಿ ಮೆಣಸು ಒಣಗಿಸುತ್ತಾನೆ, ತೂಕ ಮಾಡುತ್ತಾನೆ. ಸುಗ್ಗಿಯಲ್ಲಿ ಹೊಸ ಹುಡುಗರು ಏಣಿ ಇಡುವಾಗ ಮಾತ್ರ ತಡೆಯೋಕಾಗದೆ ಹೋಗಿ ಬುಡ ಹಿಡಿದು ನಿಲ್ಲುತ್ತಾನೆ.

ಸಂತೆಯಲ್ಲಿ ಸಿಕ್ಕ ತಂಗಿಯನ್ನು ನಿನ್ನೆ ಮನೆಗೆ ಕರೆದಿದ್ದೆ. ಮೊರದಲ್ಲಿ ಒಂದು ಹಿಡಿ ಕಾಫಿ ಬೀಜ ಹಾಕಿ, ನಿನ್ನ ಕೆಲಸ ಹೇಗೆ ಮಾಡ್ತಿದ್ದೆ ತೋರಿಸು ಅಂದೆ. ಎಡಗೈಯಲ್ಲಿ ಬೀಜ ಹರಡಿದಳು. ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಕಪ್ಪು ಬೀಜ ಒಂದನ್ನು ಹಿಡಿಯೋಕೆ ಹೋದಳು. ಜಾರಿತು. ಮತ್ತೆ ಹಿಡಿದಳು. ಬೆರಳಿನ ತುದಿಗೆ ಬೀಜ ತಾಗಿದ್ದೇ ಗೊತ್ತಾಗಲ್ಲ ಅಣ್ಣಾ ಅಂದಳು. ಮೊದಲು ಮಾತಾಡುತ್ತಾ ಮಾತಾಡುತ್ತಾ ದಿನಕ್ಕೆ ಮೂಟೆಗಟ್ಟಲೆ ಆರಿಸುತ್ತಿದ್ದವಳು ಹತ್ತು ನಿಮಿಷದಲ್ಲಿ ಏಳು ಕಪ್ಪು ಬೀಜ ತೆಗೆದಳು. ನಾನು ಪಕ್ಕದಲ್ಲಿ ಕೂತು ಎಣಿಸಿದೆ.

ಆಮೇಲೆ ಒಂದು ಹಾಳೆಯಲ್ಲಿ ಅವಳ ಕೆಲಸ ಬರೆದುಕೊಟ್ಟೆ. ಬೆಳಗ್ಗೆ ಎಷ್ಟು ಗಂಟೆಗೆ ಕೂರುತ್ತಿದ್ದಳು, ಯಾವ ಬೆರಳಲ್ಲಿ ಏನು ಮಾಡುತ್ತಿದ್ದಳು, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಂಬಳ. ಬೋರ್ಡಿನಲ್ಲಿ ಏನು ಕೆಲಸ ಅಂತ ಕೇಳಿದರೆ "ಕೂಲಿ" ಅನ್ನಬೇಡ, ಈ ಹಾಳೆ ಕೊಡು ಅಂದೆ. ಇನ್ನೊಂದು ಪ್ರತಿ ವಕೀಲರಿಗೆ. ಜೊತೆಗೆ ಕೂತು ಬೀಜ ಆರಿಸುತ್ತಿದ್ದ ಇಬ್ಬರು ಹೆಂಗಸರು ಸಾಕ್ಷಿಗೆ ಬರುತ್ತಾರಾ ಅಂತ ಕೇಳಿ ಇಟ್ಟುಕೊಳ್ಳಬೇಕು.

ಬರುವ ಮಂಗಳವಾರ ಬೋರ್ಡು. ನಾನೂ ಹೋಗುತ್ತೇನೆ. ಒಂದು ಪೊಟ್ಟಣದಲ್ಲಿ ಅರ್ಧ ಕೆಜಿ ಆರಿಸದ ಬೀಜ ಕಟ್ಟಿಟ್ಟಿದ್ದೇನೆ.